ಪೇಟೆಂಟ್ ಪ್ರಕಟವಾಯಿತು, ಮುಂದೇನು? ಅರ್ಥಶಾಸ್ತ್ರದ ಪ್ರಾಧ್ಯಾಪಕರಿಗೆ ಕಾದಿರುವ ಕೆಲಸ

ಕಾಲೇಜುಗಳ ಫೇಸ್‌ಬುಕ್ ಪುಟಗಳಲ್ಲಿ, ಸಿಬ್ಬಂದಿಯ ವಾಟ್ಸಾಪ್ ಗುಂಪುಗಳಲ್ಲಿ ಈಗ ಪದೇ ಪದೇ ಕಾಣುವ ಸುದ್ದಿ ‘ನಮ್ಮ ವಿಭಾಗಕ್ಕೆ ಪೇಟೆಂಟ್’. ಶಾಲು, ಹಾರ, ಕೈಯಲ್ಲೊಂದು ಚೌಕಟ್ಟು ಹಾಕಿಸಿದ ಕಾಗದ. ಆ ಕಾಗದವನ್ನು ಓದಿದರೆ ಬಹಳ ಸಲ ಅದು ಪೇಟೆಂಟ್ ಆಗಿರುವುದಿಲ್ಲ. ಶುಕ್ರವಾರಕ್ಕೊಮ್ಮೆ ಹೊರಬರುವ ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಅರ್ಜಿ ಪ್ರಕಟವಾದ ಪುಟ ಅಷ್ಟೆ. ಹಾಕಿದ ಅರ್ಜಿ 18 ತಿಂಗಳಿಗೆ ತಾನಾಗಿಯೇ ಪ್ರಕಟವಾಗುತ್ತದೆ. 2,500 ರೂಪಾಯಿ ಕಟ್ಟಿ ಫಾರ್ಮ್ 9 ಸಲ್ಲಿಸಿದರೆ ಸುಮಾರು ಒಂದು ತಿಂಗಳಲ್ಲೇ ಆಗುತ್ತದೆ. ಅದು ಹೊಸದೋ ಹಳೆಯದೋ, ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂದು ಅಷ್ಟರಲ್ಲಿ ಯಾರೂ ಪರೀಕ್ಷಿಸಿರುವುದಿಲ್ಲ.

ಹೀಗಾಗಲು ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಮಂಜೂರಾದ ಪೇಟೆಂಟಿನ ಜೊತೆಗೆ ಪ್ರಕಟವಾದ ಅರ್ಜಿಗೂ ಅಂಕವಿದೆ. ಯುಜಿಸಿಯ 2018ರ ನಿಯಮಾವಳಿಯ ಸಂಶೋಧನಾ ಅಂಕಪಟ್ಟಿಯಲ್ಲಿ ರಾಷ್ಟ್ರೀಯ ಪೇಟೆಂಟಿಗೆ 7, ಅಂತಾರಾಷ್ಟ್ರೀಯ ಪೇಟೆಂಟಿಗೆ 10 ಅಂಕ. ಪೇಟೆಂಟನ್ನು ಯಾರಾದರೂ ಬಳಸಿದರೇ, ಅದರಿಂದ ಕಾಲೇಜಿಗೆ ರಾಯಲ್ಟಿ ಬಂತೇ ಎಂದು ಶಿಕ್ಷಕರ ಆ ಪಟ್ಟಿ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಳ್ಳುವವರು ಯಾರು?

ಈ ಪ್ರಶ್ನೆ ಮೂಲತಃ ಅರ್ಥಶಾಸ್ತ್ರದ್ದು. ಹೊಸ ಶೋಧಕ್ಕೆ ಎಷ್ಟು ಖರ್ಚು ಮಾಡಬೇಕು, ಯಾವುದನ್ನು ಕಾಪಾಡಬೇಕು, ಯಾವುದನ್ನು ಬಿಟ್ಟುಕೊಡಬೇಕು, ಲಾಭ ಯಾರ ಕೈಗೆ ಸೇರುತ್ತದೆ ಎಂಬುದನ್ನೇ ಓದುವ ಶಾಖೆ ಅದರಲ್ಲಿದೆ. 2025ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ನಾವೀನ್ಯವು ಬೆಳವಣಿಗೆಗೆ ಹೇಗೆ ಕಾರಣವಾಗುತ್ತದೆ ಎಂದು ವಿವರಿಸಿದ ಜೋಯಲ್ ಮೊಕಿರ್, ಫಿಲಿಪ್ ಅಗಿಯೋನ್, ಪೀಟರ್ ಹೊವಿಟ್ ಅವರಿಗೆ. ಧಾರವಾಡದಲ್ಲಿ ಈ ವಿದ್ಯೆಗೆ ಜನ ಇಲ್ಲವೆಂದಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ವಿಭಾಗವೂ ಕೌಸಾಳಿ ನಿರ್ವಹಣಾ ಸಂಸ್ಥೆಯೂ ಇವೆ, ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರ ವಿಭಾಗವಿದೆ, ಸಿಎಂಡಿಆರ್ ಎಂಬ ಅಭಿವೃದ್ಧಿ ಸಂಶೋಧನಾ ಕೇಂದ್ರವಿದೆ. ಐಐಟಿ, ಐಐಐಟಿ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಎಸ್‌ಡಿಎಂ ಎಲ್ಲವೂ ಅರ್ಧ ಗಂಟೆಯ ಬಸ್ ದಾರಿಯಲ್ಲಿವೆ. ಆದರೆ ಸಾಮಾನ್ಯವಾಗಿ ಕಾಲೇಜಿನ ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು) ಸೆಲ್ ಎಂದರೆ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ವಿಭಾಗದ ಒಬ್ಬರಿಗೆ ವಹಿಸಿದ ಹೆಚ್ಚುವರಿ ಹೊಣೆ. ಎಂಜಿನಿಯರ್ ಯಂತ್ರ ಮಾಡುತ್ತಾರೆ, ಪೇಟೆಂಟ್ ಏಜೆಂಟ್ ಅರ್ಜಿ ಬರೆಯುತ್ತಾರೆ. ಇದನ್ನು ಹಾಕಬೇಕೇ ಬೇಡವೇ ಎಂದು ನಿರ್ಧರಿಸುವ ಕುರ್ಚಿ ಖಾಲಿ.

ಗಡುವುಗಳು

ಪೇಟೆಂಟ್ ಅರ್ಜಿ ಸಾಯುವುದು ಹೆಚ್ಚಾಗಿ ವಾದದಲ್ಲಿ ಸೋತು ಅಲ್ಲ, ಗಡುವು ತಪ್ಪಿ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಸಲ್ಲಿಕೆ ಈಗ ಆನ್‌ಲೈನ್. 2021ರ ಸೆಪ್ಟೆಂಬರ್‌ನಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80 ರಿಯಾಯಿತಿ ಇದೆ. ಹೀಗಾಗಿ ಅರ್ಜಿಗೆ 8,000ದ ಬದಲು 1,600 ರೂಪಾಯಿ. ಪುಟ 30 ದಾಟಿದರೆ, ಕ್ಲೇಮು (ಶೋಧದ ಯಾವ ಭಾಗಕ್ಕೆ ಹಕ್ಕು ಬೇಕೆಂದು ಹೇಳುವ ವಾಕ್ಯ) 10 ದಾಟಿದರೆ ಹೆಚ್ಚುವರಿ. ಕೆಲಸ ಇನ್ನೂ ಪೂರ್ತಿ ಆಗಿಲ್ಲವೆಂದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದಿಟ್ಟುಕೊಳ್ಳಬಹುದು. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ.

ಮುಖ್ಯ ಹಂತ ಇದರ ನಂತರದ್ದು. ಪರೀಕ್ಷೆ ಮಾಡಿ ಎಂದು ಫಾರ್ಮ್ 18ರಲ್ಲಿ ಪ್ರತ್ಯೇಕವಾಗಿ ಕೇಳಬೇಕು, 4,000 ರೂಪಾಯಿ ಕಟ್ಟಬೇಕು. ಮೊದಲು ಇದಕ್ಕೆ 48 ತಿಂಗಳ ಕಾಲಾವಕಾಶವಿತ್ತು. 2024ರ ಮಾರ್ಚ್ 15ರ ತಿದ್ದುಪಡಿಯಿಂದ, ಅಲ್ಲಿಂದೀಚೆಗಿನ ಅರ್ಜಿಗಳಿಗೆ ಅದು 31 ತಿಂಗಳು. ಪ್ರಕಟಣೆಯ ಪುಟಕ್ಕೇ ಅಂಕ ಸಿಕ್ಕಿಬಿಟ್ಟ ಮೇಲೆ ಈ 4,000 ಕಟ್ಟುವ ಉಮೇದು ಉಳಿಯುವುದು ಕಷ್ಟ. ಕಟ್ಟದಿದ್ದರೆ ಕಾನೂನಿನ ಲೆಕ್ಕದಲ್ಲಿ ಅರ್ಜಿಯನ್ನು ಹಿಂತೆಗೆದುಕೊಂಡಂತೆ. ಗೋಡೆಯ ಮೇಲಿನ ಚೌಕಟ್ಟು ಮಾತ್ರ ಅಲ್ಲೇ ಇರುತ್ತದೆ. ಇದು ಬರೀ ಸುಮ್ಮನಿರುವ ಕಾಗದವೂ ಅಲ್ಲ: ಹೀಗೆ ಪ್ರಕಟವಾಗಿ ಸತ್ತ ಅರ್ಜಿಯೇ, ಅದೇ ವಿಷಯದಲ್ಲಿ ನಾಳೆ ಅದೇ ಪ್ರಾಧ್ಯಾಪಕರು ಹಾಕುವ ಉತ್ತಮ ಅರ್ಜಿಯ ಎದುರು ‘ಇದು ಮೊದಲೇ ತಿಳಿದದ್ದು’ ಎಂಬ ಸಾಕ್ಷಿಯಾಗಿ ನಿಲ್ಲಬಹುದು.

ಫಾರ್ಮ್ 18 ಹಾಕಿದವರಿಗೆ ಮೊದಲ ಪರೀಕ್ಷಾ ವರದಿ ಬರುತ್ತದೆ. ಅದಕ್ಕೆ ಆರು ತಿಂಗಳಲ್ಲಿ ಉತ್ತರ ಕೊಡಬೇಕು. ಫಾರ್ಮ್ 4ರಲ್ಲಿ ಶುಲ್ಕ ಕಟ್ಟಿ ಸ್ವಲ್ಪ ಮುಂದೂಡಬಹುದು. ಇಲ್ಲಿ ಆಗುವ ಎಡವಟ್ಟು ತೀರ ಸಣ್ಣದು. ಅರ್ಜಿಯಲ್ಲಿ ಕೊಟ್ಟ ಇಮೇಲ್ ವಿಳಾಸ ಒಬ್ಬ ಪ್ರಾಧ್ಯಾಪಕರದ್ದು ಅಥವಾ ಆಗ ನೇಮಿಸಿದ್ದ ಏಜೆಂಟರದ್ದು. ಪ್ರಾಧ್ಯಾಪಕರು ಬೇರೆ ಕಾಲೇಜಿಗೆ ಹೋದರು, ಏಜೆಂಟರ ಬಾಕಿ ಉಳಿಯಿತು. ವರದಿ ಬಂದದ್ದು ಸಂಸ್ಥೆಗೆ ಗೊತ್ತೇ ಆಗಲಿಲ್ಲ. ಪರಿಹಾರವೂ ಅಷ್ಟೇ ಸಣ್ಣದು: ಕುಲಸಚಿವರ ಅಥವಾ ಪ್ರಾಂಶುಪಾಲರ ಹುದ್ದೆಯ ಹೆಸರಿನಲ್ಲಿ ಒಂದು ಇಮೇಲ್, ಒಂದು ಎಕ್ಸೆಲ್ ಹಾಳೆ, ಪ್ರತಿ ಅರ್ಜಿಗೆ ಮುಂದಿನ ಗಡುವಿನ ಒಂದು ಕಾಲಂ.

ಮಂಜೂರಾದ ಮೇಲೂ ಒಂದು ಗುಂಡಿ ಇದೆ. ನವೀಕರಣ ಶುಲ್ಕ ಮೂರನೇ ವರ್ಷದಿಂದ ಲೆಕ್ಕವಾಗುತ್ತದೆ, ಆದರೆ ಮಂಜೂರಾಗುವವರೆಗೆ ಕಟ್ಟುವಂತಿಲ್ಲ. ಆರನೇ ವರ್ಷದಲ್ಲಿ ಮಂಜೂರಾಯಿತು ಎನ್ನಿ: ಆವರೆಗಿನ ಬಾಕಿಯನ್ನೆಲ್ಲ ರಿಜಿಸ್ಟರಿನಲ್ಲಿ ದಾಖಲಾದ ಮೂರು ತಿಂಗಳಲ್ಲಿ ಒಟ್ಟಿಗೆ ಕಟ್ಟಬೇಕು. ಸನ್ಮಾನದ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ. ರಿಯಾಯಿತಿ ದರದಲ್ಲಿ 3ರಿಂದ 6ನೇ ವರ್ಷಕ್ಕೆ ತಲಾ 800, 7ರಿಂದ 10ಕ್ಕೆ 2,400, 11ರಿಂದ 15ಕ್ಕೆ 4,800, 16ರಿಂದ 20ಕ್ಕೆ 8,000. ಕೂಡಿಸಿದರೆ 76,800. ಅರ್ಜಿ, ಪರೀಕ್ಷೆಯ 5,600 ಸೇರಿದರೆ 20 ವರ್ಷಕ್ಕೆ ಸರ್ಕಾರಿ ಶುಲ್ಕವೇ 82,400 ರೂಪಾಯಿ. ಏಜೆಂಟರ ಸಂಭಾವನೆ ಇದರ ಮೇಲೆ. ಒಂದು ಪೇಟೆಂಟಿಗೆ ಇದು ದೊಡ್ಡದಲ್ಲ. ನಲವತ್ತು ಪೇಟೆಂಟ್ ಇದ್ದರೆ 33 ಲಕ್ಷದ ಸಮೀಪ. ಈ ಶುಲ್ಕವನ್ನು ಏರುತ್ತ ಹೋಗುವಂತೆ ಇಟ್ಟಿರುವುದರಲ್ಲಿ ಅರ್ಥವಿದೆ: ಗಳಿಸದ ಪೇಟೆಂಟನ್ನು ಮಾಲೀಕ ತಾನೇ ಕೈಬಿಡಲಿ, ಶೋಧ ಬೇಗ ಸಾರ್ವಜನಿಕರಿಗೆ ಸಿಗಲಿ ಎಂದು. ಬಿಡುವುದೂ ಒಂದು ನಿರ್ಧಾರ. ಲೆಕ್ಕ ಹಾಕಿ ಬಿಡಬೇಕು, ಮರೆತು ಅಲ್ಲ.

ಮಾಲೀಕರು ಎಷ್ಟು ಮಂದಿ?

ಒಂದು ಅರ್ಜಿಯಲ್ಲಿ ಬೇರೆ ಬೇರೆ ಊರಿನ ಎಂಟು ಹತ್ತು ಮಂದಿ ಅರ್ಜಿದಾರರಾಗಿರುವುದನ್ನು ಜರ್ನಲ್‌ನಲ್ಲಿ ಈಗ ಸಾಕಷ್ಟು ನೋಡಬಹುದು. ಹಣ ಹಂಚಿಕೊಂಡರೆ ಅಂಕ ಎಲ್ಲರಿಗೂ. ಆದರೆ ಪೇಟೆಂಟ್ ಕಾಯ್ದೆಯ 50ನೇ ಕಲಂ ಪ್ರಕಾರ ಸಹಮಾಲೀಕರಲ್ಲಿ ಪ್ರತಿಯೊಬ್ಬರೂ ಅದನ್ನು ಸ್ವಂತಕ್ಕೆ ಬಳಸಬಹುದು, ಉಳಿದವರಿಗೆ ಲೆಕ್ಕ ಕೊಡಬೇಕಿಲ್ಲ. ಲೈಸೆನ್ಸ್ ಕೊಡಬೇಕೆಂದರೆ ಮಾತ್ರ ಎಲ್ಲರ ಒಪ್ಪಿಗೆ ಬೇಕು. ಜಂಟಿ ಖಾತೆಯ ಹೊಲ ಮಾರಲು ಅಣ್ಣ-ತಮ್ಮಂದಿರೆಲ್ಲ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರಬೇಕಾದ ಹಾಗೆ. ಹುಬ್ಬಳ್ಳಿಯ ಒಬ್ಬ ಕಾರ್ಖಾನೆದಾರ ನಿಜವಾಗಿಯೂ ಆ ಯಂತ್ರ ಬೇಕೆಂದು ಬಂದರೆ, ಸಹಿಗಾಗಿ ಹತ್ತು ಊರು ಅಲೆಯುವ ಬದಲು ಆತ ತನ್ನದೇ ಯಂತ್ರ ಮಾಡಿಕೊಳ್ಳುತ್ತಾನೆ.

ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲಿ ತೊಡಕು ಬೇರೆ. ವಿದ್ಯಾರ್ಥಿ ಕಾಲೇಜಿನ ನೌಕರನಲ್ಲ. ಬರಹದಲ್ಲಿ ಹಕ್ಕು ವರ್ಗಾಯಿಸದೆ ಕಾಲೇಜು ತನ್ನ ಹೆಸರಿನಲ್ಲಿ ಅರ್ಜಿ ಹಾಕಿದರೆ, ಅರ್ಜಿಯ ಹಕ್ಕಿನ ದಾಖಲೆ ಕೇಳಿದಾಗ ಕೈಯಲ್ಲಿ ಏನೂ ಇರುವುದಿಲ್ಲ. ಆ ಹುಡುಗ ಅಷ್ಟರಲ್ಲಿ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುತ್ತಾನೆ. ಸರ್ಕಾರಿ ಹಣದ ಸಂಶೋಧನೆಯ ಹಕ್ಕು ಯಾರದು ಎಂದು ಹೇಳುವ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂದಿತ್ತು, ಕಾಯ್ದೆಯಾಗಲಿಲ್ಲ. ಆದ್ದರಿಂದ ಪ್ರತಿ ಸಂಸ್ಥೆಯ ಸ್ವಂತ ಐಪಿ ನೀತಿಯೇ ಆಧಾರ. ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ಬಂದ 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿ ಒಂದು ಮಾದರಿ ಕೊಟ್ಟಿದೆ: ಸಂಸ್ಥೆಯ ಹಣ, ಪ್ರಯೋಗಾಲಯ ಬಳಸಿ ಮಾಡಿದ್ದಾದರೆ ಜಂಟಿ ಒಡೆತನ, ಸಂಸ್ಥೆಯ ಸೌಲಭ್ಯ ಬಳಸದೆ, ಪಠ್ಯದ ಭಾಗವಲ್ಲದೆ ಮಾಡಿದ್ದಾದರೆ ಪೂರ್ತಿ ಶೋಧಿಸಿದವರದ್ದು. ಏಳನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ನೋಂದಾಯಿಸುವ ದಿನವೇ ಒಂದು ಪುಟದ ಒಪ್ಪಂದಕ್ಕೆ ಸಹಿ ಹಾಕಿಸಿದರೆ ಮುಗಿಯಿತು.

ಇನ್ನೊಂದು ಎಚ್ಚರ. ಅರ್ಜಿಗೆ ಮೊದಲೇ ಪ್ರಾಜೆಕ್ಟ್ ಮೇಳದಲ್ಲಿ ಬಿಚ್ಚಿ ತೋರಿಸಿದರೆ, ಯೂಟ್ಯೂಬಿಗೆ ಹಾಕಿದರೆ, ಪಿಎಚ್‌ಡಿ ಪ್ರಬಂಧ ಶೋಧಗಂಗಾ ಎಂಬ ಸಾರ್ವಜನಿಕ ಜಾಲತಾಣದಲ್ಲಿ ಸೇರಿದರೆ ಹೊಸತನ ಹೋಯಿತು. ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧದಂತಹ ಕೆಲವೇ ಸಂದರ್ಭಗಳಿಗೆ 31ನೇ ಕಲಂನಲ್ಲಿ 12 ತಿಂಗಳ ವಿನಾಯಿತಿ ಇದೆ. ಕಾಲೇಜು ಮೇಳಕ್ಕೆ ಅದು ತಾನಾಗಿ ಅನ್ವಯಿಸುವುದಿಲ್ಲ. ಮೇಳಕ್ಕೆ ಒಂದು ವಾರ ಮೊದಲು 1,600 ರೂಪಾಯಿಯ ತಾತ್ಕಾಲಿಕ ಅರ್ಜಿ ಹಾಕಿದರೆ ಈ ಚಿಂತೆಯೇ ಇರುವುದಿಲ್ಲ.

ಮೆಣಸಿನಕಾಯಿಯ ತೊಟ್ಟು

ಲೆಕ್ಕ ಹೇಗೆ ಹಾಕಬೇಕು ಎಂಬುದಕ್ಕೆ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ಕೈಕೆಲಸ, ಕೂಲಿ ಕೆಜಿ ಲೆಕ್ಕದಲ್ಲಿ. ಒಂದು ಕಾಲೇಜು ತೊಟ್ಟು ಬಿಡಿಸುವ ಯಂತ್ರ ಮಾಡಿದೆ ಎನ್ನೋಣ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲಿಕ್ಕೆ ಇಟ್ಟುಕೊಂಡವು.

ಯಂತ್ರ ಗಂಟೆಗೆ 40 ಕೆಜಿಯಂತೆ ದಿನಕ್ಕೆ ಆರು ಗಂಟೆ, ಸುಗ್ಗಿಯಲ್ಲಿ 100 ದಿನ ಓಡಿದರೆ 24,000 ಕೆಜಿ. ಕೈಕೂಲಿ ಕೆಜಿಗೆ 10 ರೂಪಾಯಿಯಾದರೆ ಉಳಿತಾಯ 2,40,000. ಯಂತ್ರಕ್ಕೆ ಇಬ್ಬರು ಆಳು, ದಿನಕ್ಕೆ ತಲಾ 500 ರೂಪಾಯಿ: 1,00,000. ಕರೆಂಟು, ರಿಪೇರಿ: 20,000. ಇನ್ನು ಒಡೆದ ಕಾಯಿ. ಬ್ಯಾಡಗಿ ಕಡ್ಡಿ ತೆಳು ಸಿಪ್ಪೆಯ, ಸುಕ್ಕುಗಟ್ಟಿದ ಕಾಯಿ. ತೀರ ಒಣಗಿದ್ದರೆ ಯಂತ್ರದಲ್ಲಿ ಮುರಿದು ಬೀಜ ಉದುರುತ್ತದೆ, ಹಸಿ ಇದ್ದರೆ ತೊಟ್ಟೇ ಬಿಡುವುದಿಲ್ಲ. ಕೈಕೆಲಸಕ್ಕಿಂತ ಶೇ 2ರಷ್ಟು ಹೆಚ್ಚು ಮುರಿದು, ಮುರಿದದ್ದಕ್ಕೆ ಕೆಜಿಗೆ 100 ರೂಪಾಯಿ ಕಡಿಮೆ ಬಂದರೆ ನಷ್ಟ 48,000. ಕೊನೆಗೆ ಯಂತ್ರ ಕೊಂಡವನಿಗೆ ಉಳಿಯುವುದು 72,000. 1,50,000 ರೂಪಾಯಿಯ ಯಂತ್ರ ಎರಡು ಸುಗ್ಗಿ ದಾಟಿದ ಮೇಲೆ ಅಸಲು ತೀರಿಸುತ್ತದೆ. ಮುರಿಯುವುದು ಶೇ 5ಕ್ಕೆ ಏರಿದರೆ ನಷ್ಟ 1,20,000, ಉಳಿತಾಯ ಸೊನ್ನೆ. ಅಂಥ ಯಂತ್ರವನ್ನು ಪುಕ್ಕಟೆ ಕೊಟ್ಟರೂ ಅಡತಿ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ.

ಈ ಪುಟ್ಟ ಲೆಕ್ಕ ಪೇಟೆಂಟ್ ಬರೆಯುವವರಿಗೂ ದಾರಿ ತೋರಿಸುತ್ತದೆ. ಯಂತ್ರದ ಬೆಲೆಯೆಲ್ಲ ಇರುವುದು ವೇಗದಲ್ಲಲ್ಲ, ಕಾಯಿ ಮುರಿಯದಂತೆ ನೋಡಿಕೊಳ್ಳುವ ಭಾಗದಲ್ಲಿ. ಮೊದಲ ಕ್ಲೇಮು ನಿಲ್ಲಬೇಕಾದದ್ದು ಅದರ ಮೇಲೆ. ಹಾಪರ್, ಮೋಟಾರು, ಬೆಲ್ಟು, ಜರಡಿ ಎಂದು ಪಟ್ಟಿ ಮಾಡಿದ ಕ್ಲೇಮಿಗೆ ‘ತಿಳಿದ ಸಾಧನಗಳ ಮರುಜೋಡಣೆ’ ಎಂದು ಪೇಟೆಂಟ್ ಕಾಯ್ದೆಯ 3(ಎಫ್) ಕಲಂನ ಆಕ್ಷೇಪ ಬರುತ್ತದೆ. ಪೇಟೆಂಟ್ ಕೊಟ್ಟರೂ ಪ್ರಯೋಜನ ಕಡಿಮೆ. ನಕಲು ಮಾಡುವವನು ಜರಡಿಯೊಂದನ್ನು ಬದಲಿಸಿ ಪಾರಾಗುತ್ತಾನೆ. ಬರೆಯುವ ಮೊದಲು ಹುಡುಕಾಟ ಆಗಲೇಬೇಕು. ಹಣ್ಣು-ತರಕಾರಿಯ ತೊಟ್ಟು ತೆಗೆಯುವ ಯಂತ್ರಗಳ ಅಂತಾರಾಷ್ಟ್ರೀಯ ವರ್ಗಸಂಖ್ಯೆ ಎ23ಎನ್ 15/02. ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್, ನಮ್ಮ ಕಚೇರಿಯ ಇನ್‌ಪಾಸ್ ಈ ಮೂರೂ ಪೇಟೆಂಟ್ ಹುಡುಕುವ ತಾಣಗಳು ಪುಕ್ಕಟೆ. ಆ ಸಂಖ್ಯೆ ಹಾಕಿ ನೋಡಿದರೆ ಮೆಣಸಿನಕಾಯಿಗೇ ಮಾಡಿದ ಚೀನಾದ ಅರ್ಜಿಗಳು ಬೇಕಾದಷ್ಟು ಸಿಗುತ್ತವೆ. ಎರಡು ದಿನದ ಈ ಹುಡುಕಾಟ ಎರಡು ವರ್ಷದ ವ್ಯರ್ಥ ಕೆಲಸ ಉಳಿಸುತ್ತದೆ.

ಆಮೇಲೆ ಲೈಸೆನ್ಸ್. ತಾರಿಹಾಳ ಕೈಗಾರಿಕಾ ಪ್ರದೇಶದ ಒಬ್ಬ ಫ್ಯಾಬ್ರಿಕೇಟರ್ ಮುಂದೆ ಬಂದರೆ ಕಾಲೇಜುಗಳು ಮಾಡುವ ಸಾಮಾನ್ಯ ತಪ್ಪು, ಎಲ್ಲ ಹಕ್ಕನ್ನೂ ಕಾಲಮಿತಿಯಿಲ್ಲದೆ ಒಬ್ಬರಿಗೇ ಕೊಟ್ಟುಬಿಡುವುದು. ಅವರು ಯಂತ್ರ ಮಾಡದೆ ಕುಳಿತರೆ ಬೇರೆಯವರಿಗೂ ಕೊಡುವಂತಿಲ್ಲ. ಒಪ್ಪಂದದಲ್ಲಿ ನಾಲ್ಕು ಮಾತು ಇರಲಿ: ಏಕಸ್ವಾಮ್ಯ ಇಂತಿಷ್ಟೇ ವರ್ಷ, ಮಾರಾಟವಾಗಲಿ ಬಿಡಲಿ ವರ್ಷಕ್ಕೆ ಕನಿಷ್ಠ ಇಷ್ಟು ರಾಯಲ್ಟಿ, ಪ್ರತಿ ಯಂತ್ರದ ಮೇಲೆ ಕ್ರಮಸಂಖ್ಯೆಯ ಫಲಕ, ಜಿಎಸ್‌ಟಿ ಬಿಲ್ಲಿನಲ್ಲೂ ಅದೇ ಸಂಖ್ಯೆ, ಮೊದಲ 18 ತಿಂಗಳಲ್ಲಿ ಮಾರಾಟ ಶುರುವಾಗದಿದ್ದರೆ ಹಕ್ಕು ವಾಪಸ್. ಕಾರ್ಖಾನೆ ಬೆಲೆಯ ಮೇಲೆ ಶೇ 4 ಎಂದರೆ ಯಂತ್ರಕ್ಕೆ 6,000. ವರ್ಷಕ್ಕೆ 30 ಹೋದರೆ 1,80,000. ರಾಯಲ್ಟಿಯನ್ನು ಲಾಭದ ಮೇಲೆ ಹಾಕಬಾರದು, ಮಾರಾಟ ಬೆಲೆಯ ಮೇಲೆ ಹಾಕಬೇಕು; ಲಾಭವನ್ನು ಲೆಕ್ಕದಲ್ಲಿ ಕರಗಿಸುವುದು ಸುಲಭ, ಬಿಲ್ಲನ್ನು ಕರಗಿಸುವುದು ಕಷ್ಟ.

ಶೋಧದ ಲಾಭ ಶೋಧಿಸಿದವನಿಗಿಂತ ಅದನ್ನು ಮಾರುಕಟ್ಟೆಗೆ ಮುಟ್ಟಿಸುವ ಸಾಧನ ಇದ್ದವನಿಗೇ ಯಾಕೆ ಹೋಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಟೀಸ್ 1986ರಲ್ಲೇ ವಿವರಿಸಿದ್ದರು. ಇಲ್ಲಿ ಆ ಸಾಧನಗಳೆಂದರೆ ವರ್ಕ್‌ಶಾಪು, ಸುಗ್ಗಿಯಲ್ಲಿ ಕರೆದ ದಿನವೇ ಬರುವ ಮೆಕ್ಯಾನಿಕ್ಕು, ಸಹಾಯಧನದ ಪಟ್ಟಿಗೆ ಬೇಕಾಗುವ ಪರೀಕ್ಷಾ ವರದಿ, ಅಡತಿಯವರ ವಿಶ್ವಾಸ. ಇವು ಯಾವುವೂ ಕಾಲೇಜಿನ ಕೈಯಲ್ಲಿಲ್ಲ. ನಕಲಾದರೆ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಎದುರಾಳಿ ಪೇಟೆಂಟನ್ನೇ ರದ್ದುಮಾಡಿ ಎಂದು ಪ್ರತಿದಾವೆ ಹಾಕಿದರೆ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಪೀಠ ಧಾರವಾಡದಲ್ಲೇ ಇದ್ದರೂ ವಕೀಲರ ಖರ್ಚು ಮೂವತ್ತು ಯಂತ್ರದ ರಾಯಲ್ಟಿಗಿಂತ ಹೆಚ್ಚಾಗಬಹುದು. ಹೀಗಾಗಿ ಇಂಥ ಯಂತ್ರಕ್ಕೆ ಪೇಟೆಂಟ್ ಬೇಲಿಗಿಂತ ಹೆಚ್ಚಾಗಿ ಮಾತುಕತೆಯ ಆಧಾರ. ಆ ಕೂಲಿಯನ್ನೇ ನಂಬಿದ ಹೆಣ್ಣುಮಕ್ಕಳ ಗಳಿಕೆ ಏನಾಗುತ್ತದೆ ಎಂಬುದೂ ಇದೇ ಲೆಕ್ಕದ ಹಾಳೆಗೆ ಸೇರಬೇಕು. ಯಂತ್ರದ ಮಾಲೀಕತ್ವ ಸ್ವಸಹಾಯ ಸಂಘಗಳಿಗೆ ಹೋಗುವಂತೆ ಲೈಸೆನ್ಸ್ ಷರತ್ತು ಬರೆಯಲು ಕಾನೂನಿನ ಅಡ್ಡಿಯೇನೂ ಇಲ್ಲ.

ಈ ನಾಡಿನ ಅತಿ ದೊಡ್ಡ ಶೋಧಕ್ಕೆ ಪೇಟೆಂಟ್ ಇರಲೇ ಇಲ್ಲ ಎಂಬುದನ್ನೂ ನೆನೆಯಬೇಕು. 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿ, ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ವಾಣಿಜ್ಯ ಮಟ್ಟಕ್ಕೆ ತಂದ ಹೈಬ್ರಿಡ್, ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರ ಕೆಲಸ. ಸಸ್ಯ, ಬೀಜ, ತಳಿಗಳಿಗೆ ಇಂದಿಗೂ ಪೇಟೆಂಟ್ ಇಲ್ಲ, 3(ಜೆ) ತಡೆಯುತ್ತದೆ. ಬೇಸಾಯದ ವಿಧಾನವನ್ನು 3(ಎಚ್) ತಡೆಯುತ್ತದೆ. ಹೈಬ್ರಿಡ್‌ಗೆ ರಕ್ಷಣೆ ಅದರೊಳಗೇ ಇರುತ್ತದೆ: ಮುಂದಿನ ತಲೆಮಾರಿನಲ್ಲಿ ಗುಣ ಒಡೆಯುವುದರಿಂದ ರೈತ ಪ್ರತಿವರ್ಷ ಬೀಜ ಕೊಳ್ಳಬೇಕು, ಆದ್ದರಿಂದ ಬೆಲೆ ಇರುವುದು ತಂದೆ-ತಾಯಿ ಸಾಲುಗಳಲ್ಲಿ. ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳ ಒಂದೊಂದು ಸೀಮೆಗೆ ಒಂದೊಂದು ವೇಗದಲ್ಲಿ ಹರಡಿದ್ದಕ್ಕೆ ಲಾಭದ ಅಂದಾಜೇ ಕಾರಣ ಎಂದು ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ 1957ರಲ್ಲಿ ತೋರಿಸಿದ್ದರು. ರಾಣೆಬೆನ್ನೂರಿನ ಬೀಜೋತ್ಪಾದನೆಯನ್ನು ಅದೇ ಕಣ್ಣಿನಿಂದ ಓದಿದರೆ ಒಳ್ಳೆಯ ಪಿಎಚ್‌ಡಿ ಆಗುತ್ತದೆ. ತಳಿಗೆ ಈಗ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ, ಬೆಳೆಗಳಿಗೆ 15 ವರ್ಷ, ಮರಗಳಿಗೆ 18. ರೈತ ಬೀಜ ಉಳಿಸಿ ಬಿತ್ತಬಹುದು, ಮಾರಬಹುದು, ಬ್ರ್ಯಾಂಡ್ ಹಾಕಿ ಮಾತ್ರ ಮಾರುವಂತಿಲ್ಲ. ಜಿಐ (ಭೌಗೋಳಿಕ ಗುರುತು) ಟ್ಯಾಗಿನ ಕಥೆ ಇನ್ನೂ ಬೇರೆ. ಧಾರವಾಡ ಪೇಡೆ, ನವಲಗುಂದದ ಜಮಖಾನೆ, ಕಸೂತಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲಕ್ಕೂ ಅದು ಸಿಕ್ಕಿದೆ. ಆದರೆ ಅಧಿಕೃತ ಬಳಕೆದಾರರಾಗಿ ಬೆಳೆಗಾರರು, ನೇಕಾರರು ತಾವೇ ಹೆಸರು ನೋಂದಾಯಿಸಬೇಕು. 2020ರಲ್ಲಿ ಆ ಶುಲ್ಕ 500ರಿಂದ 10 ರೂಪಾಯಿಗೆ ಇಳಿದಿದೆ. ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮಾಲು ಬರುವಾಗ, ಯಾವ ಚೀಲ ಬ್ಯಾಡಗಿಯದು ಎಂದು ತಪಾಸಿಸುವ ವ್ಯವಸ್ಥೆ ಇಲ್ಲದೆ ಟ್ಯಾಗಿಗೆ ಬೆಲೆ ಹುಟ್ಟುವುದಿಲ್ಲ.

ಈ ಕೆಲಸಕ್ಕೆ ಬರುವ ಅರ್ಥಶಾಸ್ತ್ರದವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಪೇಟೆಂಟ್ ಏಜೆಂಟ್ ಪರೀಕ್ಷೆಗೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಕಡ್ಡಾಯ. ಬಿಎ, ಎಂಎ ಅರ್ಥಶಾಸ್ತ್ರದವರು ಕೂರುವಂತಿಲ್ಲ. ಟ್ರೇಡ್‌ಮಾರ್ಕ್ ಏಜೆಂಟ್ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಆದ್ದರಿಂದ ಅರ್ಜಿ ಬರೆಯುವುದು ಅವರ ದಾರಿಯಲ್ಲ, ಬೆಲೆ ಕಟ್ಟುವುದು, ಆರಿಸುವುದು, ಒಪ್ಪಂದ ಕೂಡಿಸುವುದು ಅವರ ದಾರಿ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಪ್ರಾಥಮಿಕ ದೂರಶಿಕ್ಷಣ ಕೋರ್ಸ್ ಪುಕ್ಕಟೆ ಇದೆ, ನಾಗಪುರದ ರಾಷ್ಟ್ರೀಯ ಬೌದ್ಧಿಕ ಆಸ್ತಿ ನಿರ್ವಹಣಾ ಸಂಸ್ಥೆ ತರಬೇತಿ ಕೊಡುತ್ತದೆ, ಕೇಂದ್ರದ ಸ್ಪ್ರಿಹಾ ಯೋಜನೆಯಲ್ಲಿ ವಿಶ್ವವಿದ್ಯಾಲಯಗಳಿಗೆ ಐಪಿಆರ್ ಪೀಠ ಸಿಗುತ್ತದೆ. ಕ್ಲೇಮು ಓದಲು ಕಲಿಯಬೇಕು, ವರ್ಗಸಂಖ್ಯೆ ಹುಡುಕಲು ಕಲಿಯಬೇಕು, ವರ್ಕ್‌ಶಾಪಿಗೆ ಹೋಗಿ ಒಂದು ಯಂತ್ರದ ತಯಾರಿಕೆ ವೆಚ್ಚ ಕೇಳಿ ಬರೆದುಕೊಳ್ಳಬೇಕು. ಆದರೆ ‘ಈ ಅರ್ಜಿ ಬೇಡ’ ಎಂದು ಹೇಳಿ ಕಾಲೇಜಿನ ಹಣ ಉಳಿಸಿದ್ದಕ್ಕೆ, ಒಳ್ಳೆಯ ಲೈಸೆನ್ಸ್ ಕೂಡಿಸಿದ್ದಕ್ಕೆ ಯುಜಿಸಿ ಪಟ್ಟಿಯಲ್ಲಿ ಅಂಕವಿಲ್ಲ. ಬಡ್ತಿಗೆ ಲೆಕ್ಕವಾಗದ ಕೆಲಸಕ್ಕೆ ಒಳ್ಳೆಯ ಯುವ ಅಧ್ಯಾಪಕರು ಯಾಕೆ ಬಂದಾರು? ಇದನ್ನು ದಿಲ್ಲಿ ಬದಲಿಸುವವರೆಗೆ ಕಾಯಬೇಕಿಲ್ಲ. ವಾರಕ್ಕೆ ನಾಲ್ಕು ಗಂಟೆ ಬೋಧನೆ ಕಡಿಮೆ ಮಾಡಿ, ರಾಯಲ್ಟಿಯಲ್ಲಿ ಸೆಲ್‌ಗೂ ಒಂದು ಪಾಲಿಟ್ಟು, ಅರ್ಜಿ ಸಮಿತಿಯಲ್ಲಿ ಅವರ ಸಹಿ ಇಲ್ಲದೆ ಹಣ ಬಿಡುಗಡೆಯಾಗದಂತೆ ಮಾಡುವುದು ಆಡಳಿತ ಮಂಡಳಿಯ ಕೈಯಲ್ಲೇ ಇದೆ.

ಮಂಜೂರಾದ ಪ್ರತಿ ಪೇಟೆಂಟ್ ಬಳಕೆಯಲ್ಲಿದೆಯೇ ಎಂದು ಮೂರು ಹಣಕಾಸು ವರ್ಷಕ್ಕೊಮ್ಮೆ ಫಾರ್ಮ್ 27ರಲ್ಲಿ ಹೇಗೂ ತಿಳಿಸಬೇಕು. ಆ ಫಾರ್ಮ್ ತುಂಬಲು ಕೂತಾಗಲೇ ಎಲ್ಲ ಅರ್ಜಿಗಳ ಪಟ್ಟಿ ಮುಂದಿಟ್ಟುಕೊಂಡು ಪ್ರತಿ ಸಾಲಿನ ಎದುರು ‘ಉಳಿಸು’, ‘ಲೈಸೆನ್ಸ್‌ಗೆ ಹುಡುಕು’, ‘ಬಿಡು’ ಎಂದು ಬರೆಯಬಹುದು, ‘ಬಿಡು’ ಎಂದದ್ದರ ನವೀಕರಣದ ಹಣವನ್ನು ‘ಹುಡುಕು’ ಎಂದದ್ದರ ಕ್ಷೇತ್ರ ಪರೀಕ್ಷೆಗೆ ತಿರುಗಿಸಬಹುದು.